ಉಡಿ ತುಂಬಿ ಕಳಿಸಿದ ನಿರ್ದೇಶಕಿ

ನಿನ್ನೆ ಕಲಬುರಗಿಯ ಗಾಜಿಪುರದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದ ನನ್ನ ಹೆಂಡತಿ, ಸಂಜೆ ಖೂಬಾ ಪ್ಲಾಟಿನ ನಮ್ಮ ಮನೆಗೆ ಮರಳಿದವಳೇ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಉಡಿಯನ್ನು ಊಟದ ಮೇಜಿನ ಮೇಲೆ ಬಿಚ್ಚಿದಳು. ತೆಂಗಿನಕಾಯಿ ಉರುಳುತ್ತ ಬಂದು ನನ್ನ ಕನ್ನಡಕಕ್ಕೆ ಒರಗಿ ನಿಂತಿತು. ಒಂದು ಮುಷ್ಟಿ ಅಕ್ಕಿ, ಎಲೆ ಅಡಿಕೆ, ಅರಿಶಿಣದ ಬೇರು, ಉತ್ತತ್ತಿ, ಒಂದು ಬಾಳೆಹಣ್ಣು... ಎಲ್ಲದರ ಕೆಳಗೆ ಮಡಿಕೆ ಮುರಿಯದ ಒಂದು ಕುಬಸದ ಕಣ, ರವಿಕೆ ಬಟ್ಟೆ. ಗಿಳಿಹಸಿರು ಬಣ್ಣ, ಅಂಚಿಗೆ ಕುಂಕುಮದ ಕೆಂಪು. ಕೈಗೆತ್ತಿಕೊಂಡೆ. ಡಾಂಬರ್ ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಅದರ ಬೆನ್ನಿಗೇ, ಎಲ್ಲಿಂದಲೋ, ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ. ಮೇಜಿನ ಮೇಲಿದ್ದ ಹಣ್ಣು ಸಾದಾ ಹಳದಿಯದು. ಆದ್ದರಿಂದ ಈ ಎರಡನೆಯ ವಾಸನೆ ನನ್ನ ತಲೆಯೊಳಗಿನದೇ ಇರಬೇಕು.

ನಾವು ಉಡಿ ಅನ್ನುವುದನ್ನು ಮೈಸೂರು ಕಡೆಯವರು ಮಡಿಲಕ್ಕಿ ಅನ್ನುತ್ತಾರೆ. ಮನೆಗೆ ಬಂದ ಮುತ್ತೈದೆ ಹೊರಟು ನಿಂತಾಗ ಅವಳ ಸೆರಗಿಗೆ ಇಷ್ಟೆಲ್ಲ ಹಾಕಿ, ಕುಂಕುಮ ಹಚ್ಚಿ ಕಳಿಸುವುದು ಪದ್ಧತಿ. ಅದರೊಳಗಿನ ಕಣವನ್ನು ಮಾತ್ರ ಬಹಳ ಮಂದಿ ಹೊಲಿಸಿಕೊಳ್ಳುವುದಿಲ್ಲ. ಈ ಮನೆಯಲ್ಲಿ ಬಂದದ್ದು ಆ ಮನೆಗೆ, ಆ ಮನೆಯದು ಇನ್ನೊಂದು ಮನೆಗೆ. ಕಣ ಅನ್ನುವುದು ಹೊಲಿಗೆಗೆ ಹುಟ್ಟಿದ ಬಟ್ಟೆಯಲ್ಲ, ಸಂಚಾರಕ್ಕೆ ಹುಟ್ಟಿದ್ದು. ಈ ಗಿಳಿಹಸಿರಿನ ಪರಿಚಯ ನನಗೆ ಚೆನ್ನಾಗಿ ಇತ್ತು. ಇಂಥದರ ಒಂದು ದೊಡ್ಡ ಗಂಟನ್ನೇ ಹಿಂದೆ ನಮ್ಮ ಕಂಪನಿ ಜಗತ್ ಬಡಾವಣೆಯ ಅರಿವೆ ಅಂಗಡಿಯಿಂದ ತರಿಸಿತ್ತು. ಒಬ್ಬ ನಿರ್ದೇಶಕಿಯ ಸಲುವಾಗಿ.

ನಾನು ಕಾಲೇಜಿನಲ್ಲಿ ವಾಣಿಜ್ಯ ಕಲಿಸಿ ನಿವೃತ್ತನಾದವನು. ನಿವೃತ್ತ ಅಧ್ಯಾಪಕನಿಗೆ ನಮ್ಮ ಊರಿನಲ್ಲಿ ಎರಡೇ ಗತಿ. ಒಂದು ಮಠದ ಟ್ರಸ್ಟು, ಇನ್ನೊಂದು ಕಂಪನಿಯ ಆಡಳಿತ ಮಂಡಳಿ. ಮಠದಲ್ಲಿ ಜಾಗ ಖಾಲಿ ಇರಲಿಲ್ಲ. ತೊಗರಿಬೇಳೆ ಮಾಡುವ ಒಂದು ಕಂಪನಿಯವರು ನನ್ನನ್ನು ತಜ್ಞ ನಿರ್ದೇಶಕನೆಂದು ಕರೆದುಕೊಂಡರು. ತಜ್ಞನ ಕೆಲಸ ಇಷ್ಟೇ: ಮಿಕ್ಕವರು ಮೊದಲೇ ನಿಶ್ಚಯಿಸಿಕೊಂಡು ಬಂದದ್ದನ್ನು ಕಾನೂನು ಒಪ್ಪುತ್ತದೆ ಎಂದು ಹೇಳಿ ಚಹಾ ಕುಡಿಯುವುದು. ಈ ಗುರುತರ ಹೊಣೆಯನ್ನು ನಾನು ಅನೇಕ ವರ್ಷ ನಿಷ್ಠೆಯಿಂದ ನಿರ್ವಹಿಸಿದೆ.

ಚೇರ್ಮನ್‌ರು ತಲೆಮಾರುಗಳಿಂದ ಬೇಳೆ ವ್ಯಾಪಾರ ಮಾಡಿದ ಮನೆತನದವರು. ಊರು ಅವರನ್ನು ಸಾವಕಾರ್ರು ಅನ್ನುತ್ತಿತ್ತು. ಜಗತ್ ಹತ್ತಿರದ ಅವರ ಕಟ್ಟಡದಲ್ಲಿ ಕೆಳಗೆ ಕಂಪನಿಯ ಕಚೇರಿ, ಮೇಲೆ ಅವರ ಮನೆ. ಮಿಲ್ಲು ಊರ ಹೊರಗೆ, ಹುಮನಾಬಾದ್ ರಸ್ತೆಯಲ್ಲಿ. ಅಲ್ಲಿ ಬೇಳೆ ಆರಿಸುವ ಹೆಣ್ಣುಮಕ್ಕಳು ಬಹುಪಾಲು ಕಮಲಾಪುರದ ಸುತ್ತಿನ ಹಳ್ಳಿ ತಾಂಡಾಗಳಿಂದ ಕಂಪನಿಯ ಗಾಡಿಯಲ್ಲಿ ಬಂದು ಹೋಗುವವರು.

ಹೀಗಿರಲು ಕಾನೂನು ಬಂತು. ಇಂಥ ಗಾತ್ರದ ಕಂಪನಿಯ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರತಕ್ಕದ್ದು. ಅದನ್ನು ಮಂಡಳಿಗೆ ವಿವರಿಸುವ ಕೆಲಸ ತಜ್ಞನಾದ ನನ್ನ ಪಾಲಿಗೆ. ಎದ್ದು ನಿಂತು ಕನ್ನಡಕ ಒರೆಸಿ ಹೇಳಿದೆ: ಗಂಡಸರಷ್ಟೇ ಕೂತ ಮಂಡಳಿ ಒಂದೇ ಕಿಟಕಿಯ ಮನೆ ಇದ್ದ ಹಾಗೆ, ಎಲ್ಲರೂ ಒಂದೇ ಕಡೆಗೆ ನೋಡುತ್ತಿರುತ್ತಾರೆ, ಹಿಂದಿನಿಂದ ಹಂದಿ ಹೊಲ ಹೊಕ್ಕರೂ ಯಾರಿಗೂ ಕಾಣುವುದಿಲ್ಲ. ಹೆಣ್ಣುಮಗಳು ಕೂತರೆ ನಾವು ಕೇಳದ ಪ್ರಶ್ನೆ ಕೇಳುತ್ತಾಳೆ, ಲಾಭ ಕಂಪನಿಯದೇ. ಪ್ರವಚನಕ್ಕೆ ಕೂತವರಂತೆ ಎಲ್ಲರೂ ತಲೆದೂಗಿದರು. ಕೊನೆಗೆ ಚೇರ್ಮನ್‌ರು ಗಂಟಲು ಸರಿಮಾಡಿಕೊಂಡರು.

“ಎಲ್ಲಾ ಖರೆ ಪ್ರೊಫೆಸರ್ ಸಾಹೇಬ್ರ. ಆದರ ಆಕಿ ಎಷ್ಟೊತ್ತು ಕುಂದರಬೇಕಾಗ್ತದ್ರಿ?”

ಕಾನೂನಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನೋಡಿ ಹೇಳ್ತೀನಿ ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ಜೋರಾಗಿಯೇ...

ಯಾರನ್ನು ತರುವುದು ಎಂಬ ಪ್ರಶ್ನೆ ಎದ್ದಾಗ ಪ್ರತಿಯೊಬ್ಬ ನಿರ್ದೇಶಕನಿಗೂ ತನ್ನ ಹೆಂಡತಿಯಲ್ಲಿ ಆವರೆಗೆ ಕಾಣದಿದ್ದ ಪ್ರತಿಭೆ ಕಂಡಿತು. ಇಬ್ಬರು ಷಡ್ಡಕರು ಈ ವಿಷಯಕ್ಕಾಗಿ ಮಾತು ಬಿಟ್ಟರು. ಕೊನೆಗೆ ಯಾರ ಹೆಂಡತಿಯೂ ಬೇಡ ಎಂದು, ಕಮಲಾಪುರದ ಒಬ್ಬ ಬಾಳೆತೋಟದವರ ಹೆಂಡತಿಯನ್ನು ಕರೆಯುವುದಾಯಿತು. ಅವರೂ ಒಬ್ಬರ ಹೆಂಡತಿಯೇ. ಆದರೆ ಆ ಗಂಡ ಮಂಡಳಿಯಲ್ಲಿ ಇರಲಿಲ್ಲ. ಕಂಪನಿಯ ಷೇರು ಆಕೆಯ ಹೆಸರಿನಲ್ಲೇ ಇದ್ದವು, ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಮಾಡಿಕೊಂಡಿದ್ದರು. ನನ್ನ ವಿದ್ಯಾರ್ಥಿನಿಯಲ್ಲ, ಅದು ಅವರ ಅದೃಷ್ಟ. ನಮ್ಮೆಲ್ಲರಿಗಿಂತ ವಯಸ್ಸಿನಲ್ಲಿ ಚಿಕ್ಕವರು. ಆದರೂ ಮೊದಲ ದಿನದಿಂದ ಎಲ್ಲರೂ ಅವರನ್ನು ಅಕ್ಕಾರ ಅಂದೆವು. ಸಂಬಂಧ ಹಚ್ಚಿಬಿಟ್ಟರೆ ಹುದ್ದೆ ಮರೆಯುತ್ತದೆ. ಇದು ನಮ್ಮ ಕಡೆಯ ಹಳೆಯ ಆಡಳಿತ ತಂತ್ರ.

ಅಕ್ಕ ಮೊದಲ ಸಭೆಗೆ ಬಸ್ಸಿನಲ್ಲಿ ಬಂದರು. ಎತ್ತರದ ಆಳು, ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಅದರ ಕೆಳಗೆ ಅಗಲವಾದ ಕುಂಕುಮ. ಕೈಚೀಲದಿಂದ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತೆಗೆದು ಮೇಜಿನ ನಟ್ಟನಡುವೆ ಇಟ್ಟರು. ಕೋಣೆಯೆಲ್ಲ ಘಮ್ಮೆಂದಿತು. ಎರಡನೆಯ ವಿಷಯ ಮಿಲ್ಲಿನ ಸುಣ್ಣ ಬಣ್ಣದ್ದು. ನಾವು ಆಯ್ತು ಆಯ್ತು ಅನ್ನುತ್ತಿದ್ದ ಹಾಗೇ ಅವರು ಕೇಳಿದರು.

“ಗ್ವಾಡಿಗಿ ಬಣ್ಣ ಹಚ್ಚೂದು ಇರ್ಲಿ ಬಿಡ್ರಿ. ಬ್ಯಾಳಿ ಆರಿಸೋ ಹೆಣ್ಮಕ್ಕಳಿಗಿ ಕುಂದರಲಾಕ ಒಂದು ಮಣಿ ಸುದ್ದಾ ಇಲ್ಲಲ್ರಿ? ದಿನಪೂರ್ತಿ ತಂಪ ನೆಲದ ಮ್ಯಾಲ ಕುಂತಿರ್ತಾರ. ಬರೂವಾಗ ಮಿಲ್ಲಿನ್ಯಾಗ ಇಳದು ನೋಡಿ ಬಂದೀನಿ.”

ಮಿಲ್ಲಿನಲ್ಲಿ ಇಳಿದು ನೋಡಿಬರುವುದು! ನಿರ್ದೇಶಕರು ಹಾಗೆಲ್ಲ ಮಾಡಬಹುದೆಂಬುದು ನಮಗೆ ಹೊಸ ವಿಚಾರ. ಸುಣ್ಣ ಬಣ್ಣದಿಂದ ಮಣೆ, ಮಣೆಯಿಂದ ಕುಡಿಯುವ ನೀರು, ನೀರಿನಿಂದ ಪಾಯಖಾನೆ... ಅರ್ಧ ತಾಸಿನಲ್ಲಿ ಮುಗಿಯಬೇಕಾದ ಸಭೆಯಲ್ಲಿ ನಾಲ್ಕನೆಯ ವಿಷಯ ಮುಗಿಸುವಷ್ಟರಲ್ಲೇ ಎಲ್ಲರೂ ಬೆವೆತರು. ಅಷ್ಟು ಹೊತ್ತಿಗೆ ಮೆಟ್ಟಿಲ ಮೇಲೆ ಬಳೆಗಳ ಸದ್ದಾಯಿತು. ಚೇರ್ಮನ್‌ರ ಹೆಂಡತಿ ತಟ್ಟೆ ಹಿಡಿದು ಇಳಿದು ಬಂದರು. ಕೆಳಗೆ ಒಬ್ಬ ಮುತ್ತೈದೆ ಬಂದಿದ್ದಾಳೆಂದು ಅವರಿಗೆ ಗೊತ್ತಾಗಿತ್ತು. ಬಂದ ಮುತ್ತೈದೆಯನ್ನು ಬರಿ ಸೆರಗಿನಲ್ಲಿ ಕಳಿಸಿದ ಮನೆಯಲ್ಲ ಅದು.

ಇದನ್ನು ಬರೆಯುವಾಗ ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ಮೊದಲ ಸಲದ ಉಡಿ ನಿಜವಾದ ಮರ್ಯಾದೆಯೇ ಆಗಿತ್ತು. ಆ ತಾಯಿಯ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಅಕ್ಕ ಎದ್ದು ಸೆರಗು ಒಡ್ಡಿದರು. ನಾವೆಲ್ಲ ಗಂಡಸರು ಎದ್ದು ಕೈಮುಗಿದು ನಿಂತೆವು. ಉಡಿ ತುಂಬಿಸಿಕೊಂಡ ಹೆಣ್ಣುಮಗಳು ಮತ್ತೆ ಕೂಡುವುದಿಲ್ಲ, ಹೊಸ್ತಿಲು ದಾಟಿ ನೆಟ್ಟಗೆ ತನ್ನ ಮನೆಗೆ ಹೋಗುತ್ತಾಳೆ. ಅಕ್ಕ ಒಂದು ಗಳಿಗೆ ಮೇಜನ್ನು ನೋಡಿದರು, ನಮ್ಮನ್ನು ನೋಡಿದರು, ಹೊರಟರು. ಉಳಿದ ವಿಷಯಗಳೆಲ್ಲ ಹತ್ತು ನಿಮಿಷದಲ್ಲಿ ಮುಗಿದವು. ಚೇರ್ಮನ್‌ರು ಖಾಲಿ ತಟ್ಟೆಯನ್ನು ಬಹಳ ಹೊತ್ತು ನೋಡುತ್ತಿದ್ದರು. ಕಾನೂನಿನಲ್ಲಿ ಸಿಗದ ಉತ್ತರ ಅವರಿಗೆ ಸಿಕ್ಕಿತ್ತು.

ಮುಂದಿನ ಸಭೆಯಿಂದ ಅದೊಂದು ಶಿಸ್ತಾಯಿತು. ಮ್ಯಾನೇಜರ್ ವಿಷಯಪಟ್ಟಿಯನ್ನು ಹೊಸ ರೀತಿಯಲ್ಲಿ ಜೋಡಿಸಿದ. ಗೋಡೆ ಗಡಿಯಾರ, ನೀರಿನ ಟ್ಯಾಂಕು, ಪೂಜೆ ಪ್ರಸಾದ ಮೊದಲು. ಆಳು, ಯಂತ್ರ, ಖರೀದಿ, ಮಾರಾಟ ಆಮೇಲೆ. ನಾಲ್ಕನೆಯ ವಿಷಯ ಮುಗಿಯುತ್ತಿದ್ದ ಹಾಗೆ ಬಳೆಗಳ ಸದ್ದು. ಗಿಳಿಹಸಿರು ಕಣದ ಗಂಟು ಕಚೇರಿಯ ಕಪಾಟಿನಲ್ಲೇ ಬಂದು ಕೂತಿತು. ಅಕ್ಕ ಹೋದ ಮೇಲೆ ನಾವು ಅವರು ತಂದ ಬಾಳೆಹಣ್ಣು ಸುಲಿಯುತ್ತ ನಿಜವಾದ ಸಭೆ ಶುರು ಮಾಡುತ್ತಿದ್ದೆವು. ಮಂಡಳಿಯಲ್ಲಿ ಮಹಿಳೆ ಇದ್ದಂತೆಯೂ ಆಯಿತು, ಇಲ್ಲದಂತೆಯೂ ಆಯಿತು. ಒಬ್ಬ ವಾಣಿಜ್ಯದ ಅಧ್ಯಾಪಕನಾಗಿ ಆ ಏರ್ಪಾಡಿನ ಅಂದವನ್ನು ನಾನು ಒಳಗೊಳಗೇ ಮೆಚ್ಚಿಕೊಂಡಿದ್ದೂ ಉಂಟು.

ಅಕ್ಕ ಉಡಿ ಬೇಡ ಅನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಉಡಿ ಬೇಡ ಅನ್ನುವ ಹೆಣ್ಣುಮಗಳನ್ನು ನಾನು ನಮ್ಮ ಕಡೆ ಕಂಡಿಲ್ಲ. ಅದು ಚೇರ್ಮನ್‌ರಿಗೆ ಬೇಡ ಅಂದಂತಲ್ಲ. ಅವರ ಹೆಂಡತಿಗೆ, ಅವರ ಮನೆದೇವರಿಗೆ, ಕೊನೆಗೆ ತನ್ನ ಗಂಡನ ಆಯುಷ್ಯಕ್ಕೆ ಬೇಡ ಅಂದಂತೆ. ಅಕ್ಕ ನಗುತ್ತಲೇ ಸೆರಗು ಒಡ್ಡುತ್ತಿದ್ದರು. ಒಮ್ಮೆ ಬಾಗಿಲ ತನಕ ಕಳಿಸಲು ಹೋದಾಗ ಕೈಯಲ್ಲಿ ಕಾಯಿ ತೂಗುತ್ತ ಅಂದರು.

“ನನ್ನ ತವರಮನಿಯವರು ಸುದ್ದಾ ಇಷ್ಟ ಸಲ ಉಡಿ ತುಂಬಿಲ್ರಿ ಸರ. ಹಿಂಗೇ ನಡದ್ರ ನಾ ಕಮಲಾಪುರದಾಗ ಬಾಳಿಹಣ್ಣು ಬಿಟ್ಟು ತೆಂಗಿನಕಾಯಿ ಅಂಗಡಿ ಇಡಬೇಕಾಗ್ತದ.”

ನಾನು ನಕ್ಕೆ. ನನಗೆ ಬರುತ್ತಿದ್ದುದು ಅದೊಂದೇ.

ಒಂದು ಚಳಿಗಾಲ ಬೀದರ್ ಕಡೆಯ ಮದುವೆ ಮುಗಿಸಿ ಬರುವಾಗ ಕಮಲಾಪುರದಲ್ಲಿ ಇಳಿದು ಅವರ ತೋಟಕ್ಕೆ ಹೋದೆ. ಅಲ್ಲಿ ಕಂಡ ಹೆಂಗಸು ಬೇರೆಯೇ. ಗೊನೆ ಕೊಳ್ಳಲು ಬಂದ ಇಬ್ಬರು ವ್ಯಾಪಾರಿಗಳು ಬಿಸಿಲಲ್ಲಿ ನಿಂತು ತಮ್ಮ ಮಾತನ್ನು ತಾವೇ ನುಂಗುತ್ತಿದ್ದರು, ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೊನೆಗೆ ಬೆರಳು ತೋರಿಸಿ ಏನೋ ಹೇಳುತ್ತಿದ್ದರು. ಗಂಡ ಮರದ ಕೆಳಗೆ ಹೊರಸಿನ ಮೇಲೆ ಕೂತಿದ್ದರು. ನನಗೆ ಜಾಗ ಕೊಟ್ಟು ಮೆಲ್ಲಗೆ ಅಂದರು:

“ನಂದು ಬರೀ ನೀರು ಹಾಯಸೋ ಕೆಲಸ್ರಿ ಸರ. ಮಾತೆಲ್ಲಾ ಆಕಿ ಇಲಾಖಾ.”

ಹೆಮ್ಮೆಯಿಂದ ಅಂದರು. ನಾನು ಅದನ್ನು ತಮಾಷೆ ಅಂದುಕೊಂಡೆ.

ವ್ಯಾಪಾರಿಗಳನ್ನು ಸಾಗಹಾಕಿ ಬಂದು, ಚಹಾ ಕೊಟ್ಟು, ಅಕ್ಕ ನೇರವಾಗಿ ವಿಷಯಕ್ಕೆ ಬಂದರು. ಹಂಗಾಮಿನಲ್ಲಿ ತೊಗರಿ ಬಂದು ರಾಶಿ ಬೀಳುತ್ತದೆ, ಹಗಲೊಂದೇ ಸಾಲದು, ಆದ್ದರಿಂದ ಬೇಳೆ ಆರಿಸುವವರನ್ನು ಮಧ್ಯಾಹ್ನದಿಂದ ರಾತ್ರಿ ಹತ್ತರ ತನಕ ಸಂಜೆ ಪಾಳಿಗೆ ಹಾಕಬೇಕೆಂದು ಚೇರ್ಮನ್‌ರು ಯೋಚಿಸುತ್ತಿದ್ದರು. ಸುದ್ದಿ ತಾಂಡಾಗಳಿಗೆ ಮುಟ್ಟಿತ್ತು. ಹೆಣ್ಣುಮಕ್ಕಳು ಅಕ್ಕನ ಅಂಗಳಕ್ಕೆ ಬಂದು ಕೂತು ಹೋಗಿದ್ದರು.

“ಸರ, ಈ ಸಂಜಿ ಪಾಳಿ ವಿಷಯ ಉಡೀಕಿಂತ ಮೊದಲ ಬರ್ತದೋ, ಉಡಿ ಆದ ಮ್ಯಾಲೋ?”

ಅಷ್ಟು ಸ್ಪಷ್ಟವಾದ ಪ್ರಶ್ನೆಯನ್ನು ಮಂಡಳಿಯ ಕಾರ್ಯವಿಧಾನದ ಬಗ್ಗೆ ಬೇರೆ ಯಾರೂ ನನ್ನನ್ನು ಕೇಳಿರಲಿಲ್ಲ. ನೋಡೋಣ, ಮ್ಯಾನೇಜರ್‌ಗೆ ಹೇಳ್ತೀನಿ ಅಂದೆ.

“ನೋಡೋಣ ಅನಬ್ಯಾಡ್ರಿ. ಮೊದಲ ಬರೂವಂಗ ಮಾಡ್ರಿ. ಬಾಕಿ ನಾ ನೋಡ್ಕೋತೀನಿ. ಹೆಣ್ಮಕ್ಕಳ ಅನ್ನದ ಮಾತದ.”

ಆಯ್ತು ಅಂದೆ. ಬರುವಾಗ ನನ್ನ ಚೀಲದಲ್ಲಿ ಅವರು ಇಟ್ಟ ಒಂದು ಚಿಪ್ಪು ಬಾಳೆಹಣ್ಣು ಇತ್ತು...

ಮ್ಯಾನೇಜರ್‌ಗೆ ಹೇಳಿದೆ. “ನಾ ಸಣ್ಣ ಮನಷ್ಯಾ ಇದ್ದೀನ್ರಿ ಸರ, ಸಾವಕಾರ್ರಿಗೇ ಕೇಳಿಬಿಡ್ರಿ” ಅಂದ. ಸಾವಕಾರರನ್ನು ಕೇಳಲೆಂದೇ ಒಂದು ಸಂಜೆ ಹೋದೆ. ಬರ್ರಿ ಬರ್ರಿ ಅಂದರು, ಕೂಡಿಸಿದರು, ಚಹಾ ತರಿಸಿದರು. ಈ ಸಲ ಚಳಿ ಭಾಳ ಅದ ಅಂದರು. ಹೌದ್ರಿ, ಭಾಳ ಅದ ಅಂದೆ. ಚಹಾ ಮುಗಿಯಿತು. ಬಂದೆ.

ಸಭೆಯಲ್ಲಿ ಸಂಜೆ ಪಾಳಿ ಆರನೆಯ ವಿಷಯವಾಗಿತ್ತು.

ಅಂದು ಅಕ್ಕ ಮೊದಲ ನಾಲ್ಕು ವಿಷಯಗಳಲ್ಲಿ ಬಾಯಿ ತೆರೆಯಲಿಲ್ಲ. ಬಳೆ ಸದ್ದಾಯಿತು. ಎದ್ದು ಸೆರಗು ಒಡ್ಡಿದರು, ಕಾಯಿ ಕಣ ಅಕ್ಕಿ ಬಿದ್ದವು, ಕುಂಕುಮ ಹಚ್ಚಿಸಿಕೊಂಡರು. ಆದರೆ ಹೊರಡಲಿಲ್ಲ. ತುಂಬಿದ ಸೆರಗನ್ನು ಎರಡೂ ಕೈಯಿಂದ ಹೊಟ್ಟೆಗೆ ಅವಚಿಕೊಂಡು ಹಾಗೇ ನಿಂತರು.

“ಒಂದ ಮಾತ ಹೇಳಿ ಹೋಗ್ತೀನ್ರಿ. ಆರನೇದ್ದು...”

ಚೇರ್ಮನ್‌ರು ಎದ್ದು ಕೈಮುಗಿದರು. ಅವರ ದನಿಯಲ್ಲಿ ಒಂದಿಷ್ಟೂ ಒರಟುತನ ಇರಲಿಲ್ಲ. “ಉಡಿ ತುಂಬಿದಾಕಿ ಹಿಂಗ ನಿಂದರಬಾರದು ತಾಯಿ. ನಮ್ಮ ಮನಿಗೂ ಛಲೋ ಅಲ್ಲ, ನಿಮ್ಮ ಮನಿಗೂ ಛಲೋ ಅಲ್ಲ. ಹೋಗಿ ಬರ್ರಿ.”

ಮೆಟ್ಟಿಲ ಬಳಿ ನಿಂತಿದ್ದ ಚೇರ್ಮನ್‌ರ ಹೆಂಡತಿ ಗಾಬರಿಯಾಗಿ “ಹೌದ್ರೀ ಅಕ್ಕಾರ, ಹೋಗಿಬಿಡ್ರಿ” ಅಂದರು. ಅಕ್ಕನ ಕಣ್ಣು ಒಬ್ಬೊಬ್ಬರನ್ನೇ ನೋಡುತ್ತ ನನ್ನ ಮೇಲೆ ಬಂದು ನಿಂತಿತು. ತಜ್ಞನಾದ ನಾನು ಹೇಳಬೇಕಾಗಿದ್ದುದು ಒಂದೇ ವಾಕ್ಯ: ನಿರ್ದೇಶಕರು ಮಾತಾಡುತ್ತಿದ್ದಾರೆ, ಕೇಳೋಣ. ನನ್ನ ಮುಂದೆ ಒಂದು ಕೆಂಪು ಬಾಳೆಹಣ್ಣು ಇತ್ತು. ಅದನ್ನು ಸುಲಿಯಲು ಅಷ್ಟು ಗಮನ ಬೇಕಾಗುತ್ತದೆಂದು ನನಗೆ ಆವರೆಗೆ ಗೊತ್ತಿರಲಿಲ್ಲ... ತಲೆ ಎತ್ತಿದಾಗ ಬಾಗಿಲು ಖಾಲಿ ಇತ್ತು. ಆರನೆಯ ವಿಷಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಮುಂದೆ ಆದದ್ದನ್ನು ಯಾವ ಹೆಂಗಸನ್ನು ಕೇಳಿದ್ದರೂ ಮೊದಲೇ ಹೇಳುತ್ತಿದ್ದಳು. ಸಂಜೆ ಪಾಳಿ ಶುರುವಾದ ಮೊದಲ ವಾರ ಗಾಡಿ ಅರ್ಧ ಬಂತು. ಆಮೇಲೆ ನಾಲ್ಕೈದು ಜನ. ಆಮೇಲೆ ಡ್ರೈವರ್ ಒಬ್ಬನೇ ಬಂದ. ಬೇಳೆ ಆರಿಸುವವರಿಲ್ಲದೆ ಮಿಲ್ಲಿನ ಅಂಗಳದಲ್ಲಿ ಚೀಲ ಏರಿದವು, ಹಳೆಯ ಗಿರಾಕಿಗಳು ಬೇರೆ ಮಿಲ್ಲು ಹಿಡಿದರು. ಮಂಡಳಿ ಗಂಭೀರವಾಗಿ ಚಿಂತಿಸಿ, ಈಗಿನ ಹೆಣ್ಣುಮಕ್ಕಳಿಗೆ ದುಡಿಯುವ ಮನಸ್ಸಿಲ್ಲ ಎಂದು ಕಂಡುಹಿಡಿಯಿತು. ಅಕ್ಕನನ್ನು ಕೇಳೋಣ ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು. ಅದಕ್ಕೇ ನಾನು ಸುಮ್ಮನಿದ್ದೆ, ಕೇಳಿದರೆ ಅವರು ನನ್ನ ಮುಖ ನೋಡುತ್ತಿದ್ದರು.

ಆ ಹಂಗಾಮು ಮುಗಿಯುವ ಮೊದಲೇ ಅಕ್ಕನ ಗಂಡ ತೀರಿಕೊಂಡರು. ತೋಟಕ್ಕೆ ನೀರು ಹಾಯಿಸಿ ಬಂದು ಅದೇ ಹೊರಸಿನ ಮೇಲೆ ಒರಗಿದವರು ಏಳಲಿಲ್ಲ.

ಎರಡು ಸಭೆ ಅಕ್ಕ ಬರಲಿಲ್ಲ. ಮೂರನೆಯದಕ್ಕೆ ಬಂದರು, ಅದೇ ಬಸ್ಸಿನಲ್ಲಿ. ಹಣೆಯಲ್ಲಿ ವಿಭೂತಿ ಮಾತ್ರ. ಹಣ್ಣು ತಂದಿದ್ದರು, ನಟ್ಟನಡುವೆ ಇಟ್ಟರು. ನಾವು ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿದೆವು. ಅಕ್ಕ ಇರುವ ಸಭೆಯಲ್ಲಿ ನಾವೂ ಬಾಯಿ ಮುಚ್ಚಿದ್ದು ಅದೇ ಮೊದಲು. ಗಡಿಯಾರ, ಟ್ಯಾಂಕು, ಪ್ರಸಾದ ಒಂದೊಂದಾಗಿ ಮುಗಿದವು. ನಾಲ್ಕನೆಯದೂ ಮುಗಿಯಿತು.

ಮೆಟ್ಟಿಲ ಮೇಲೆ ಬಳೆ ಸದ್ದಾಯಿತು.

ಮ್ಯಾನೇಜರ್ ಎಂದಿನಂತೆ ಮೇಲೆ ಹೇಳಿಕಳಿಸಿದ್ದ, ಅವನಿಗೆ ಅಭ್ಯಾಸವಾಗಿತ್ತು. ಚೇರ್ಮನ್‌ರ ಹೆಂಡತಿ ತಟ್ಟೆ ಹಿಡಿದು ಕೊನೆಯ ಮೆಟ್ಟಿಲ ತನಕ ಬಂದರು. ಅಕ್ಕನ ಹಣೆ ನೋಡಿದರು. ಅಲ್ಲೇ ನಿಂತರು. ಮುಂದೆ ಬರುವ ಹಾಗಿಲ್ಲ, ಹಿಂದೆ ಹೋಗುವ ಹಾಗಿಲ್ಲ. ತಟ್ಟೆಯ ಮೇಲೆ ಸೆರಗು ಎಳೆದು ಮುಚ್ಚಿಕೊಂಡರು. ಆಮೇಲೆ ಬಳೆಗಳ ಸದ್ದು ಒಂದೊಂದೇ ಮೆಟ್ಟಿಲು ಮೇಲೆ ಹೋಯಿತು.

ಚೇರ್ಮನ್‌ರು ವಿಷಯಪಟ್ಟಿಯಲ್ಲಿ ಮುಖ ಇಟ್ಟರು. ಐದನೆಯದನ್ನು ಓದಬೇಕು, ಓದಲಾರರು. ಅಕ್ಕ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು.

“ಓದ್ರಿ ಸಾವಕಾರ್ರ. ಇನ್ನ ನನಗ ಕಳಸೂ ದಾರಿ ನಿಮ್ಮ ಕಡೆ ಉಳಿದಿಲ್ಲ. ಕುಂದರ್ತೀನಿ.”

ಕೂತರು. ಸಂಜೆ ಪಾಳಿಯ ಮಾತು ತಾವೇ ತೆಗೆದರು. ಗಾಡಿ ಕಮಲಾಪುರದ ದೊಡ್ಡ ರಸ್ತೆಗೆ ಇಳಿಸಿ ಹೋಗುತ್ತದೆ, ಅಲ್ಲಿಂದ ತಾಂಡಾಗಳಿಗೆ ಕತ್ತಲಲ್ಲಿ ನಡೆಯಬೇಕು ಎಂದರು. ಅಷ್ಟೇನಾ, ಬ್ಯಾಟರಿ ಕೊಡೋಣ ಎಂದು ಯಾರೋ ಅಂದರು. ಅಕ್ಕ ಅವರ ಕಡೆ ತಿರುಗಿದರು.

“ಬ್ಯಾಟರಿ ದಾರಿ ತೋರಸ್ತದ್ರಿ ಅಣ್ಣಾರ, ಮಂದಿ ಬಾಯಿ ಮುಚ್ಚಸಲ್ಲ. ಆರಕ್ಕ ಮನಿ ಮುಟ್ಟಿದಾಕಿಗಿ ದುಡದು ಬಂದಾಳ ಅಂತಾರ. ಹನ್ನೊಂದಕ್ಕ ಮುಟ್ಟಿದಾಕಿಗಿ ಏನಂತಾರ ನಿಮಗ ಗೊತ್ತದ. ನನ್ನ ಬಾಯಿಲೆ ಯಾಕ ಹೇಳಸ್ತೀರಿ?”

ಯಾರೂ ಹೇಳಿಸಲಿಲ್ಲ. ಬೆಳಗಿನ ಜಾವಕ್ಕೆ ಒಂದು ಗಾಡಿ ಕಳಿಸಿ, ಬಿಸಿಲೇರಿದ ಮೇಲೆ ಇನ್ನೊಂದು ಕಳಿಸಿ, ಎರಡೂ ತಂಡ ಹೊತ್ತು ಮುಳುಗುವ ಮೊದಲು ಮನೆ ಮುಟ್ಟುವಂತೆ ಮಾಡಿ ಎಂದರು. ರಾತ್ರಿಯ ತುಂಬು ಇಳಿಸು ಗಂಡಾಳುಗಳಿಗೆ ಇರಲಿ. ಇಷ್ಟೇ. ಒಂದು ಹಂಗಾಮು ಮೊದಲೇ, ಸೆರಗಿನಲ್ಲಿ ಕಾಯಿ ಹಿಡಿದು ನಿಂತಾಗ, ಅವರು ಹೇಳಬೇಕೆಂದಿದ್ದ ಒಂದು ಮಾತು ಇದೇ.

ಹಾಗೇ ಮಾಡಿದೆವು. ಗಾಡಿ ಮತ್ತೆ ತುಂಬಿ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ. ಪೂರ್ತಿ ತುಂಬಲಿಲ್ಲ. ಅಷ್ಟರಲ್ಲಿ ಕೆಲವರು ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಅಕ್ಕ ಅವರಲ್ಲಿ ಒಬ್ಬೊಬ್ಬರ ಹೆಸರು ಹೇಳಿ ಕೇಳುತ್ತಿದ್ದರು, ಮ್ಯಾನೇಜರ್ ಇಲ್ರಿ ಅನ್ನುತ್ತಿದ್ದ. ಬಂದವರಿಂದಲೇ ಮಿಲ್ಲು ಎದ್ದು ಕೂತಿತು. ಮುಂದಿನ ಅನೇಕ ವರ್ಷ ಅಕ್ಕ ಕೊನೆಯ ವಿಷಯದ ತನಕ ಕೂತರು, ನಾವು ಕೇಳದ ಪ್ರಶ್ನೆ ಕೇಳಿದರು. ಕಂಪನಿಯ ಒಳ್ಳೆಯ ಕಾಲವೆಂದರೆ ಅದೇ. ನನ್ನ ಒಂದು ಕಿಟಕಿಯ ಸಿದ್ಧಾಂತ ಅಕ್ಷರಶಃ ನಿಜವಾಯಿತು, ನನ್ನ ಯಾವ ಸಹಾಯವೂ ಇಲ್ಲದೆ.

ಆದರೆ ಕೀರ್ತಿ ನನಗೆ ಬಂತು. ಆಡಳಿತ ಮಂಡಳಿಯಲ್ಲಿ ಮಹಿಳೆ ಇದ್ದರೆ ಆಗುವ ಲಾಭ ಕುರಿತು ಕಾಲೇಜುಗಳಲ್ಲಿ ಭಾಷಣಕ್ಕೆ ಕರೆಯತೊಡಗಿದರು. ಗಾಡಿಯ ಕಥೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ. “ನಮ್ಮ ಮಂಡಳಿ ಒಬ್ಬ ಮಹಿಳೆಯ ಮಾತನ್ನು ಕೇಳಿತು” ಎಂದು ದನಿ ತಗ್ಗಿಸಿ ಹೇಳಿ ಒಂದು ಗುಟುಕು ನೀರು ಕುಡಿಯುತ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ಚಪ್ಪಾಳೆ. ಒಮ್ಮೆ ಹಾಗೆ ನೀರು ಕುಡಿದು ಲೋಟ ಇಳಿಸಿದಾಗ ಸಭೆಯ ಹಿಂದಿನ ಸಾಲಿನಲ್ಲಿ ಅಕ್ಕ ಕೂತಿದ್ದರು. ತಂಗಿಯ ಮಗಳು ಆ ಕಾಲೇಜಿನಲ್ಲಿ ಓದುತ್ತಿದ್ದಳಂತೆ. ಮುಗಿದ ಮೇಲೆ ಹತ್ತಿರ ಬಂದರು. ನನ್ನ ಹೆಗಲ ಮೇಲೆ ಹೊದಿಸಿದ್ದ ಶಾಲು ಇನ್ನೂ ಬೆಚ್ಚಗಿತ್ತು.

“ಭಾಳ ಛಲೋ ಹೇಳಿದ್ರಿ ಸರ. ಹುಡುಗ್ಯಾರು ಬಾಯಿ ತಕ್ಕೊಂಡು ಕೇಳಿದ್ರು.” ಆಮೇಲೆ ಅಂದರು, “ನಮ್ಮ ಯಜಮಾನ್ರ ಸುದ್ದಿ ಮಾತ್ರ ಬಿಟ್ಟು ಹೋಯ್ತು ನೋಡ್ರಿ. ಅವ್ರು ಹೋಗದಿದ್ರ ನನ್ನ ಮಾತು ಕೇಳೂ ಪಾಳಿ ನಿಮಗ ಬರ್ತಿರಲಿಲ್ಲ.”

ಸಿಟ್ಟಿಲ್ಲ, ಅಳುವಿಲ್ಲ. ಮಿಲ್ಲಿನಲ್ಲಿ ಮಣೆ ಇಲ್ಲ ಎಂದು ಹೇಳಿದ ದನಿಯೇ. ಶಾಲು ತೆಗೆದು ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ. ಆಮೇಲೆ ಆ ವಿಷಯದ ಮೇಲೆ ಭಾಷಣಕ್ಕೆ ಕರೆದರೆ ಮೊಣಕಾಲು ನೋವು ಅನ್ನುತ್ತಿದ್ದೆ...

ಹೋದ ವರ್ಷ ನನಗೂ ವಯಸ್ಸಾಯಿತೆಂದು ಮಂಡಳಿ ಸನ್ಮಾನ ಮಾಡಿತು. ಮೂರನೆಯ ವಿಷಯಕ್ಕೇ ಶಾಲು ಹೊದಿಸಿದರು, ಕೈಗೆ ಕಾಯಿ ಕೊಟ್ಟರು. ಎದ್ದು ಹೋಗಿ ಎಂದು ಯಾರೂ ಹೇಳಲಿಲ್ಲ. ನನಗೆ ಪದ್ಧತಿ ಗೊತ್ತಿತ್ತು. ಈಗ ಮಂಡಳಿಯಲ್ಲಿ ಇಬ್ಬರು ಹೆಣ್ಣುಮಕ್ಕಳು ಇದ್ದಾರಂತೆ, ಕೊನೆಯ ತನಕ ಕೂಡುತ್ತಾರಂತೆ. ಕಾಲ ಸುಧಾರಿಸಿದೆ. ಚೇರ್ಮನ್‌ರ ಹೆಂಡತಿಗೂ ಈಗ ಮೆಟ್ಟಿಲು ಇಳಿಯಲು ಆಗುವುದಿಲ್ಲ.

ಅಕ್ಕ ಈ ಚಳಿಗಾಲದಲ್ಲಿ ಹೋದರು. ಕಮಲಾಪುರಕ್ಕೆ ಹೋಗಿದ್ದೆ. ಅಂಗಳದಲ್ಲಿ ಗಂಡಸರ ನಡುವೆ ಕೂತೆ. ತಾಂಡಾದ ಹೆಣ್ಣುಮಕ್ಕಳು ಗೋಡೆಗುಂಟ ಕೂತು ಹಾಡಿ ಅಳುತ್ತಿದ್ದರು. ಅವರ ಅಳುವಿನಲ್ಲಿ ಗಾಡಿಯ ಮಾತೂ ಬಂತು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಅದರಿಂದ ನನಗೆ ಸಮಾಧಾನವಾಯಿತು, ಸಮಾಧಾನವಾಯಿತಲ್ಲ ಎಂದು ನಾಚಿಕೆಯಾಯಿತು.

ನಿನ್ನೆ ಈ ಕಣ ಹಿಡಿದುಕೊಂಡು ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಇಷ್ಟು ವರ್ಷ ಅಕ್ಕನ ಜಾಣತನ ಹೇಳಿದ್ದೆ, ಗಾಡಿಯ ಕಥೆ ಹೇಳಿದ್ದೆ, ಉಡಿಯ ಕಥೆ ಹೇಳಿರಲಿಲ್ಲ. ಆಕೆ ಅಕ್ಕಿಯನ್ನು ಡಬ್ಬಿಗೆ ಸುರಿಯುತ್ತ ಕೇಳಿದಳು. ಕೊನೆಗೆ ಕೈ ಒರೆಸಿಕೊಂಡು ಅಂದಳು:

“ಅಲ್ರೀ, ಉಡಿ ತುಂಬೂದು ಅಂದ್ರ ಮತ್ತ ಬಾ ಅಂತ ಹೇಳೂದು. ನೀವು ಅದರಾಗ ಹೋಗು ಅಂತ ಕಟ್ಟಿ ಕಳಸಿದ್ರಿ. ಹೋಗ್ಲಿ. ಆಮ್ಯಾಲ ಅಷ್ಟ ವರ್ಷ ಆಕಿ ನಿಮ್ಮ ಮಿಲ್ಲು ನಡಸಿಕೊಟ್ಟು, ಸಭಾ ಮುಗಿಸಿ ಮನಿಗಿ ಹೋಗೂವಾಗ ಒಬ್ಬರರೆ ಆಕಿ ಸೆರಗಿಗಿ ಒಂದ ಹಿಡಿ ಅಕ್ಕಿ ಹಾಕಿದ್ರೇನ್ರಿ?”

“ಗಂಡ ಇಲ್ಲದಾಕಿಗಿ...” ಎಂದು ಶುರು ಮಾಡಿದೆ. ಶಾಸ್ತ್ರ ಹೇಳಲು ನನ್ನ ನಾಲಗೆ ಎಷ್ಟು ಬೇಗ ಹೊರಡುತ್ತದೆ.

“ಅದು ನನಗ ಗೊತ್ತದ. ನಿಮಗ ಕೇಳಲಾಕತ್ತೀನಿ.”

ಇಲ್ಲ ಅಂದೆ. ಪ್ರತಿ ಸಭೆಯ ಕೊನೆಗೆ ಅಕ್ಕ ಖಾಲಿ ಕೈಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋಗುತ್ತಿದ್ದರು. ಹಣ್ಣು ಇಲ್ಲಿ ಇಳಿಸಿರುತ್ತಿದ್ದರಲ್ಲ, ಆದ್ದರಿಂದ ಖಾಲಿ. ಗಿಳಿಹಸಿರು ಗಂಟು ಕಪಾಟಿನಲ್ಲೇ ಇತ್ತು. ಮುಂದೆ ಅದರ ಕಣಗಳನ್ನು ದೀಪಾವಳಿಗೆ ನಿರ್ದೇಶಕರ ಮನೆಮನೆಗೂ ಹಂಚಿದರು, ಅಲ್ಲಿಂದ ಅವು ಊರೆಲ್ಲ ತಿರುಗುತ್ತಿವೆ.

ಹೆಂಡತಿ ಕಾಯಿ ದೇವರ ಮುಂದಿಟ್ಟು ಬಂದಳು. ಕಣ ಕಪಾಟಿಗೆ ಇಡಲೋ ಎಂದು ಕೇಳುವಳೆಂದುಕೊಂಡೆ, ಕೇಳಲಿಲ್ಲ. ಅದನ್ನು ನನ್ನ ಮುಂದೆ ಚಾಚಿದಳು. ತಗೋರಿ, ಇದು ನಿಮ್ಮದು ಅಂದಳು. ಅಡಿಗೆಮನೆಗೆ ಹೋದಳು.

ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ. ಗಂಡಸಿಗೆ ಇದನ್ನೆಲ್ಲ ಇಸಿದುಕೊಳ್ಳಲು ಸೆರಗೂ ಇಲ್ಲ. ಇದನ್ನು ಕೊಡಬೇಕಾದ ಮನೆ ಕಮಲಾಪುರದಲ್ಲಿತ್ತು...